ಗಾಳದ ಕೋಲಿಗೆ ಎಪಾಕ್ಸಿ ಲೇಪ: ಮಳೆಗಾಲದಲ್ಲಿ ನೂಲು, ಬೇಸಿಗೆಯಲ್ಲಿ ಲೇಪ

ನಮ್ಮ ಸಂಘದ ಸದಸ್ಯರಲ್ಲಿ ಗಾಳ ಹಾಕುವ ಹವ್ಯಾಸವುಳ್ಳವರು ಹಲವರಿದ್ದಾರೆ. ಅವರಲ್ಲಿ ಕೆಲವರು ಸಿದ್ಧ ಕೋಲನ್ನು ಪೇಟೆಯಿಂದ ತರುವುದಿಲ್ಲ. ಬರಿಯ ಕೋಲು, ಬಿರಡೆಯ ಹಿಡಿ, ದಾರ ಹಾದುಹೋಗುವ ಉಂಗುರಗಳು, ನೂಲು, ಎಲ್ಲವನ್ನೂ ಬೇರೆ ಬೇರೆಯಾಗಿ ತರಿಸಿ ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಕಟ್ಟುವ ಕೆಲಸದಲ್ಲಿ ಅವರ ಕೈ ಪಳಗಿದೆ. ನೂಲು ಸುತ್ತಿದ್ದನ್ನು ನೋಡಿದರೆ ಎಳೆಗೆ ಎಳೆ ಕೂಡಿ ಕುಳಿತಿರುತ್ತದೆ. ಆದರೆ ಅದರ ಮೇಲಿನ ಎಪಾಕ್ಸಿ ಲೇಪ ಮಾತ್ರ ಕೈಕೊಡುತ್ತದೆ. ಒಬ್ಬರದ್ದು ವಾರವಾದರೂ ಅಂಟಂಟು, ಇನ್ನೊಬ್ಬರದ್ದು ಹಾಲು ಚೆಲ್ಲಿದಂತೆ ಮಬ್ಬು, ಮತ್ತೊಬ್ಬರದ್ದರಲ್ಲಿ ಗುಳ್ಳೆ, ಕುಳಿ. ಈ ವಿಷಯವಾಗಿ ಕಛೇರಿಗೆ ಬಂದಾಗ ವಿಚಾರಿಸುವವರು ಹೆಚ್ಚಾಗಿರುವುದರಿಂದ, ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲಿಗೇ ಒಂದು ಮಾತು. ಲೇಪ ಕೆಡುವುದಕ್ಕೆ ಕುಂಚದ ಕೈವಾಡ ಕಾರಣವೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಕುಂಚ ಕೈಗೆ ಬರುವ ಮೊದಲೇ ಮುಕ್ಕಾಲು ಪಾಲು ನಿರ್ಣಯವಾಗಿ ಹೋಗಿರುತ್ತದೆ. ಅಳತೆ ಸರಿಯಿತ್ತೆ, ಗಾಳಿ ಒಣಗಿತ್ತೆ, ಕೋಲು ಶುದ್ಧವಿತ್ತೆ, ಇಷ್ಟೇ ಪ್ರಶ್ನೆ. ನಮ್ಮ ಸೀಮೆಯಲ್ಲಿ ಇವುಗಳ ಪೈಕಿ ಎರಡನೆಯದೇ ದೊಡ್ಡದು. ಬೆಳೆಗಾರನಿಗೆ ಬಿಡುವು ಸಿಗುವುದು ಜಡಿಮಳೆಯ ದಿನಗಳಲ್ಲಿ. ಹೊರಗೆ ಕಾಲಿಡಲಾಗದೆ ಮನೆಯಲ್ಲಿ ಕುಳಿತಾಗ ಕೋಲು ಕಟ್ಟುವ ಮನಸ್ಸಾಗುತ್ತದೆ. ಎಪಾಕ್ಸಿಗೆ ವರ್ಷದಲ್ಲೇ ಅತಿ ಕೆಟ್ಟ ಕಾಲವೂ ಅದೇ. ಆದ್ದರಿಂದ ಕೆಲಸವನ್ನು ಎರಡು ಋತುಗಳಿಗೆ ಹಂಚಿಕೊಳ್ಳಬೇಕು: ಮಳೆಗಾಲದಲ್ಲಿ ನೂಲು, ಬೇಸಿಗೆಯಲ್ಲಿ ಲೇಪ. ಇದು ಹೇಗೆ, ಏಕೆ ಎಂಬುದೇ ಈ ಲೇಖನ.

ಲೇಪದ ಕೆಲಸವೇನು?

ಉಂಗುರವನ್ನು ಕೋಲಿಗೆ ಹಿಡಿದಿಡುವುದು ಮುಖ್ಯವಾಗಿ ನೂಲಿನ ಬಿಗಿತ. ಆ ನೂಲು ಸವೆಯದಂತೆ, ಜಾರದಂತೆ, ಅದರೊಳಗೆ ನೀರು ಇಳಿಯದಂತೆ ಕಾಯುವುದು ಲೇಪದ ಕೆಲಸ. ಲೇಪ ಬಿರಿದರೆ ನೀರು ಒಳಗಿಳಿದು ಉಂಗುರದ ಪಾದ ತುಕ್ಕು ಹಿಡಿಯುತ್ತದೆ, ನೂಲು ಸಡಿಲವಾಗುತ್ತದೆ. ಮುಂದೊಂದು ದಿನ ದೊಡ್ಡ ಮೀನು ಸೆಳೆದಾಗ ಉಂಗುರ ಜಾರಿ, ದಾರ ತುಂಡಾಗುತ್ತದೆ.

ದಾರ ತುಂಡಾದರೆ ನಷ್ಟ ನಮಗಷ್ಟೇ ಅಲ್ಲ. ಮೀನು ಬಾಯಲ್ಲಿ ಗಾಳ, ಹಿಂದೆ ಮಾರುಗಟ್ಟಲೆ ದಾರ ಎಳೆದುಕೊಂಡು ಹೋಗುತ್ತದೆ. ಆ ದಾರ ಬಂಡೆಗೋ ಮುಳುಗಿದ ಮರಕ್ಕೋ ಸಿಕ್ಕಿದರೆ ಮೀನಿನ ಕತೆ ಮುಗಿಯಿತು. ಕಾವೇರಿಯ ಡುಬ್ಬದ ಮಹಶೀರ್, ಹೊಳೆಯ ಬದಿಯವರು ಬಿಳಿಮೀನು ಎನ್ನುವುದು, ಇಂದು ತೀವ್ರ ಅಳಿವಿನಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ 2018ರಲ್ಲಿ ಸೇರಿದೆ. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡು ತೂಕದ ಮಹಶೀರನ್ನು ಹಿಡಿದ ಕಾಲ ಬೇರೆ. ಈಗ ಹಿಡಿದ ಮಹಶೀರನ್ನು ಜೋಪಾನವಾಗಿ ನೀರಿಗೆ ಬಿಡುವುದೇ ಸಭ್ಯ ಪದ್ಧತಿ. ಬಿಡುವುದಕ್ಕೆ ಮೊದಲು ಮೀನು ಕೈಗೆ ಬರಬೇಕು. ಅದಕ್ಕೆ ಕೋಲು ನಂಬಿಕೆಗೆ ಅರ್ಹವಾಗಿರಬೇಕು. ವನ್ಯಜೀವಿಧಾಮದ ಒಳಗೆ, ಶೃಂಗೇರಿ, ಶಿಶಿಲದಂಥ ದೇವರ ಮೀನುಗಳ ಮಡುಗಳಲ್ಲಿ ಗಾಳ ಹಾಕುವ ಮಾತೇ ಇಲ್ಲ. ಉಳಿದೆಡೆಯೂ ಅನುಮತಿ ವಿಚಾರಿಸಿಯೇ ಹೊಳೆಗಿಳಿಯತಕ್ಕದ್ದು ಎಂಬುದನ್ನು ಸದಸ್ಯರಿಗೆ ಬೇರೆ ಹೇಳಬೇಕಾಗಿಲ್ಲ.

ಎಪಾಕ್ಸಿ ಒಣಗುವುದಿಲ್ಲ, ಕೂಡಿಕೊಳ್ಳುತ್ತದೆ

ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿ ಭಾರತದ ಗಾಳಗಾರಿಕೆಯ ಬಗ್ಗೆ ಬರೆದ ಪ್ರಸಿದ್ಧ ಗ್ರಂಥ ಮಂಗಳೂರಿನಲ್ಲಿ 1873ರಲ್ಲಿ ಪ್ರಕಟವಾಯಿತು. ಆ ಕಾಲದ ಕೋಲುಗಳು ಮರದವು, ಬಿದಿರಿನವು. ಸುತ್ತುವುದು ರೇಷ್ಮೆ ನೂಲು, ಹಚ್ಚುವುದು ವಾರ್ನಿಷ್. ವಾರ್ನಿಷಿನೊಳಗಿನ ದ್ರಾವಕ ಆರಿಹೋಗಿ, ಎಣ್ಣೆ ಗಾಳಿಯ ಸಂಪರ್ಕದಿಂದ ಗಟ್ಟಿಯಾಗುತ್ತದೆ. ಎರಡನೇ ಮಹಾಯುದ್ಧದ ತರುವಾಯ ಫೈಬರ್ ಗ್ಲಾಸ್ ಕೋಲುಗಳೂ, 1970ರ ದಶಕದಲ್ಲಿ ಕಾರ್ಬನ್ ಕೋಲುಗಳೂ ಬಂದವು. ಎಪಾಕ್ಸಿಗೆ 1938ರಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ ಪೇಟೆಂಟ್ ಅರ್ಜಿ ಸಲ್ಲಿಸಿದರು. 1946ರಲ್ಲಿ ಅದು ಅರಾಲ್ಡೈಟ್ ಎಂಬ ಅಂಟಾಗಿ ಪೇಟೆಗೆ ಬಂದಿತು. ನಮ್ಮಲ್ಲಿ ಅರಾಲ್ಡೈಟ್ ಇಲ್ಲದ ಮನೆ ಕಡಿಮೆ.

ಎಪಾಕ್ಸಿಯಲ್ಲಿ ಎರಡು ದ್ರವಗಳಿವೆ, ಒಂದು ರೆಸಿನ್, ಇನ್ನೊಂದು ಹಾರ್ಡ್‌ನರ್. ಇಲ್ಲಿ ಏನೂ ಆರಿಹೋಗುವುದಿಲ್ಲ. ಒಂದರ ಅಣುಗಳು ಇನ್ನೊಂದರ ಅಣುಗಳೊಡನೆ ಕೈಹಿಡಿದು ಬಲೆ ಕಟ್ಟುತ್ತವೆ. ಲೆಕ್ಕಕ್ಕೆ ಸರಿಯಾದ ಜೋಡಿ ಇಲ್ಲದಿದ್ದರೆ ಉಳಿದದ್ದು ಒಂಟಿಯಾಗಿ ಅಂಟಂಟಾಗಿಯೇ ಇರುತ್ತದೆ. ಬೇಗ ಗಟ್ಟಿಯಾಗಲೆಂದು ಹಾರ್ಡ್‌ನರ್ ಒಂದಿಷ್ಟು ಜಾಸ್ತಿ ಹಾಕುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಅದರಿಂದ ಬೇಗ ಗಟ್ಟಿಯಾಗುವುದಿಲ್ಲ, ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ.

ಇನ್ನೊಂದು ಸಂಗತಿ. ಒಡೆದ ವಸ್ತು ಅಂಟಿಸುವ ಎಪಾಕ್ಸಿಯನ್ನು ಲೇಪಕ್ಕೆ ಬಳಸಬಾರದು. ಅದು ದಪ್ಪ, ಬೇಗ ಗಟ್ಟಿಯಾಗುವಂಥದು, ಕೋಲು ಬಾಗಿದಾಗ ಬಿರಿಯುತ್ತದೆ. ಮೇಜಿನ ಹಲಗೆಗೆ ಸುರಿಯುವ ಗಾಜಿನಂಥ ರೆಸಿನ್ನೂ ಬೇಡ. ಗಾಳದ ಕೋಲಿಗೆಂದೇ ತಯಾರಾದ ಲೇಪ ಸಿಗುತ್ತದೆ. ಅದು ತೆಳು, ನಿಧಾನಿ, ಗಟ್ಟಿಯಾದ ಮೇಲೂ ಕೋಲಿನೊಡನೆ ಬಾಗುವ ಗುಣವುಳ್ಳದ್ದು. ಚಿಕ್ಕ ಬಾಟಲಿಯ ಜೋಡಿಯನ್ನೇ ಕೊಳ್ಳಿರಿ. ಒಂದು ಕೋಲಿಗೆ ಬೇಕಾಗುವುದು ಕೆಲವೇ ಮಿಲಿಲೀಟರು. ಮುಚ್ಚಳ ತೆರೆದ ಹಾರ್ಡ್‌ನರ್ ಗಾಳಿಯ ತೇವ ಹೀರಿ ವರ್ಷ ಕಳೆದಂತೆ ಕೆಡುತ್ತದೆ. ಇಬ್ಬರು ಮೂವರು ಸದಸ್ಯರು ಸೇರಿ ತರಿಸಿ, ಒಂದೇ ಋತುವಿನಲ್ಲಿ ಮುಗಿಸುವುದು ಲಾಭಕರ.

ಅಳತೆ: ಬೋರ್ಡೋ ದ್ರಾವಣದಷ್ಟೇ ಶಿಸ್ತು

ಅಡಕೆ ತೋಟದವರಿಗೆ ಅಳತೆಯ ಶಿಸ್ತು ಹೊಸದಲ್ಲ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಹದ ಬಂದಿದೆಯೇ ಎಂದು ಚಾಕು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕುಳಿತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಸರಿಪಡಿಸುತ್ತೇವೆ. ಎಪಾಕ್ಸಿಯಲ್ಲಿ ಈ ಸವಲತ್ತಿಲ್ಲ. ಚಾಕು ಅದ್ದಿ ನೋಡುವಂತಿಲ್ಲ, ಆಮೇಲೆ ಸೇರಿಸಿ ಸರಿಪಡಿಸುವಂತಿಲ್ಲ. ಅಳತೆ ತಪ್ಪಿದ್ದು ಮೂರು ದಿನದ ಮೇಲೆ, ಬೆರಳಿಗೆ ಅಂಟಿದಾಗ ಗೊತ್ತಾಗುತ್ತದೆ.

ಕೋಲಿನ ಲೇಪಗಳಲ್ಲಿ ಬಹುಪಾಲು ಸಮಪ್ರಮಾಣದವು. ಆದರೆ ಅದು ಗಾತ್ರದಲ್ಲಿ ಸಮವೋ, ತೂಕದಲ್ಲಿ ಸಮವೋ ಎಂಬುದನ್ನು ಬಾಟಲಿಯ ಮೇಲೆ ಓದಿ ತಿಳಿಯಬೇಕು. ಒಂದು ಸೇರು ಹಣ್ಣು ಕಾಫಿಯೂ ಒಂದು ಸೇರು ಬೇಳೆಯೂ ತೂಕದಲ್ಲಿ ಒಂದಾಗುವುದಿಲ್ಲವಷ್ಟೆ. ಹಾಗೆಯೇ ರೆಸಿನ್ ಹಾರ್ಡ್‌ನರಿಗಿಂತ ಭಾರ. ಗಾತ್ರದ ಅಳತೆಯದ್ದನ್ನು ತಕ್ಕಡಿಯಲ್ಲಿ ಸಮಮಾಡಿದರೆ ಅಳತೆ ತಪ್ಪಿದಂತೆಯೇ.

ಗಾತ್ರದ ಅಳತೆಗೆ ಸೂಜಿಯಿಲ್ಲದ ಸಿರಿಂಜು ಅನುಕೂಲ. ರೆಸಿನ್ನಿಗೆ ಒಂದು, ಹಾರ್ಡ್‌ನರಿಗೆ ಒಂದು, ಎರಡಕ್ಕೂ ಬೇರೆ ಬಣ್ಣದ ಗುರುತು. ಎಂದೂ ಅದಲುಬದಲಾಗಕೂಡದು. ಔಷಧ ಅಂಗಡಿಯ ಸಿರಿಂಜುಗಳಲ್ಲಿ ಕಪ್ಪು ರಬ್ಬರಿನ ತುದಿ ಸರಾಗ ಜಾರಲೆಂದು ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ಈ ಎಣ್ಣೆ ಲೇಪಕ್ಕೆ ಶತ್ರು. ರಬ್ಬರಿಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಸಿರಿಂಜು ಹುಡುಕಿ ತರಬೇಕು.

ಸ್ವಲ್ಪವೇ ಬೇಕೆಂದು ತೀರ ಸ್ವಲ್ಪ ಕಲಸಬಾರದು. 1 ಮಿಲಿಲೀಟರು ಅಳೆಯುವಾಗ 0.2 ತಪ್ಪಿದರೆ ತಪ್ಪು ಶೇಕಡಾ 20. 5 ಮಿಲಿಲೀಟರಿನಲ್ಲಿ ಅಷ್ಟೇ ತಪ್ಪಿದರೆ ಶೇಕಡಾ 4. ಆದುದರಿಂದ ಒಂದೊಂದರಲ್ಲೂ 3 ಮಿಲಿಲೀಟರಿಗೆ ಕಡಿಮೆ ತೆಗೆದುಕೊಳ್ಳಬೇಡಿ. ಉಳಿದದ್ದು ವ್ಯರ್ಥವಾದರೂ ಒಂದು ಕೋಲು ಕೆಡುವುದಕ್ಕಿಂತ ಅಗ್ಗ.

ಕೊಡಗು, ಚಿಕ್ಕಮಗಳೂರಿನ ಚಳಿ ಬೆಳಗುಗಳಲ್ಲಿ ರೆಸಿನ್ ಜೇನಿನಂತೆ ಗಟ್ಟಿಯಾಗಿ, ಕೆಲವೊಮ್ಮೆ ಜೇನಿನಂತೆಯೇ ಹರಳುಗಟ್ಟಿರುತ್ತದೆ. ಅದು ಕೆಟ್ಟಿದೆಯೆಂದು ಎಸೆಯಬೇಡಿ. ಬಾಟಲಿಯ ಮುಚ್ಚಳ ಬಿಗಿಮಾಡಿ 50 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಿರುವ ನೀರಿನಲ್ಲಿಟ್ಟರೆ ಹರಳು ಕರಗಿ ತಿಳಿಯಾಗುತ್ತದೆ. ಹೊರಗಿನ ನೀರನ್ನು ಚೆನ್ನಾಗಿ ಒರೆಸಿ, ಬಾಟಲಿ ಉಗುರುಬೆಚ್ಚಗಾದ ಮೇಲೆ ಅಳೆಯಿರಿ.

ಕಲಸುವುದು

ನುಣುಪು ಗೋಡೆಯ ಚಿಕ್ಕ ಪ್ಲಾಸ್ಟಿಕ್ ಲೋಟ ಸಾಕು. ಒಳಗೆ ಮೇಣ ಬಳಿದ ಕಾಗದದ ಲೋಟ ಬೇಡ, ಮೇಣ ಎಪಾಕ್ಸಿಯಲ್ಲಿ ಸೇರಿಕೊಳ್ಳುತ್ತದೆ. ಕಡ್ಡಿಯಿಂದ ಮೂರು ನಿಮಿಷ, ಗಡಿಯಾರ ನೋಡಿಕೊಂಡು, ನಿಧಾನವಾಗಿ ತಿರುವಬೇಕು. ಮಜ್ಜಿಗೆ ಕಡೆಯುವಂತೆ ಅಲ್ಲ, ಬೆಲ್ಲದ ಪಾಕ ತಿರುವುವಂತೆ. ಬದಿ, ತಳ, ಕಡ್ಡಿಗೆ ಅಂಟಿದ್ದು ಎಲ್ಲವನ್ನೂ ಕೆರೆದು ಸೇರಿಸಬೇಕು. ಆಮೇಲೆ ಇನ್ನೊಂದು ಶುದ್ಧ ಲೋಟಕ್ಕೆ ಸುರಿದು ಮತ್ತೊಂದು ನಿಮಿಷ ತಿರುವಿದರೆ, ಮೊದಲ ಲೋಟದ ಮೂಲೆಯಲ್ಲಿ ಬೆರೆಯದೆ ಉಳಿದದ್ದು ಕೋಲಿಗೆ ಬರುವುದಿಲ್ಲ. ಲೇಪದಲ್ಲಿ ಅಲ್ಲಲ್ಲಿ ಮಾತ್ರ ಅಂಟು ಉಳಿಯುವುದಕ್ಕೆ ಕಾರಣ ಈ ಮೂಲೆಯ ಅಂಶವೇ.

ಬೆರೆತ ಕ್ಷಣದಿಂದ ಒಳಗೆ ಶಾಖ ಹುಟ್ಟುತ್ತದೆ. ಲೋಟದಲ್ಲಿ ರಾಶಿಯಾಗಿದ್ದರೆ ಶಾಖ ಹೊರಗೆ ಹೋಗಲಾರದೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಆದ್ದರಿಂದ ಕಲಸಿದ ಕೂಡಲೆ ಅಲ್ಯುಮಿನಿಯಂ ಹಾಳೆಯ ತಟ್ಟೆಯೊಂದಕ್ಕೆ ಸುರಿದು ತೆಳುವಾಗಿ ಹರಡಿರಿ. ಕೆಲಸಕ್ಕೆ ಹೆಚ್ಚು ಸಮಯ ಸಿಗುತ್ತದೆ, ಗುಳ್ಳೆಗಳೂ ಮೇಲೆ ಬಂದು ಒಡೆಯುತ್ತವೆ. ಶಾಖ 10 ಡಿಗ್ರಿ ಏರಿದರೆ ಗಟ್ಟಿಯಾಗುವ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬ ಲೆಕ್ಕ ನೆನಪಿನಲ್ಲಿರಲಿ.

ನಮ್ಮ ಗಾಳಿಯ ತೇವ

ಈಗ ಮುಖ್ಯ ವಿಷಯ. ಹಾರ್ಡ್‌ನರಿನಲ್ಲಿರುವುದು ಅಮೈನ್ ಎಂಬ ಜಾತಿಯ ರಾಸಾಯನಿಕ. ಇದು ರೆಸಿನ್ನಿನೊಡನೆ ಕೂಡುವುದಕ್ಕೆ ಮೊದಲು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಕೊಂಡರೆ, ಲೇಪದ ಮೇಲೆ ಮೇಣದಂಥ ಬಿಳಿ ಪೊರೆ ಕಟ್ಟುತ್ತದೆ. ಹಾಲಿನಂತೆ ಮಬ್ಬು ಎಂದು ಸದಸ್ಯರು ಹೇಳುವುದು ಹೆಚ್ಚಾಗಿ ಇದನ್ನೇ. ಇದರ ಮೇಲೆ ಇನ್ನೊಂದು ಲೇಪ ಹಚ್ಚಿದರೆ ಅದು ಹಿಡಿಯುವುದಿಲ್ಲ, ಕೆಲವು ತಿಂಗಳಲ್ಲಿ ಸಿಪ್ಪೆಯಂತೆ ಏಳುತ್ತದೆ.

ಮನೆಯೊಳಗಿನ ತೇವ ತೋರಿಸುವ ಚಿಕ್ಕ ಮಾಪಕಗಳು ಈಗ ಅಗ್ಗವಾಗಿ ಸಿಗುತ್ತವೆ. ಗಾಳಿಯ ತೇವ ಶೇಕಡಾ 60ರೊಳಗಿದ್ದರೆ ಉತ್ತಮ. 80 ದಾಟಿದ್ದರೆ ಬಾಟಲಿಯ ಮುಚ್ಚಳ ತೆರೆಯಲೇಬೇಡಿ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 80ಕ್ಕಿಂತ ಕೆಳಗೆ ಇಳಿಯುವ ಹೊತ್ತು ಎಷ್ಟೆಂಬುದು ಎಲ್ಲರಿಗೂ ಗೊತ್ತು. ಡಿಸೆಂಬರಿನಿಂದ ಮಾರ್ಚಿಯವರೆಗಿನ ಮಧ್ಯಾಹ್ನಗಳು ಈ ಕೆಲಸಕ್ಕೆ ಹೇಳಿಮಾಡಿಸಿದವು. ಅದು ಕಾಫಿ ಕುಯ್ಲಿನ ಕಾಲ ನಿಜ. ಆದರೆ ಲೇಪ ಹಚ್ಚುವುದಕ್ಕೆ ಬೇಕಾದದ್ದು ಅರ್ಧ ಗಂಟೆ. ದಿನಗಟ್ಟಲೆ ಹಿಡಿಯುವುದು ನೂಲಿನ ಕೆಲಸ, ಅದನ್ನು ಮಳೆಗಾಲದಲ್ಲಿ ಧಾರಾಳವಾಗಿ ಮಾಡಬಹುದು. ಸುತ್ತಿಟ್ಟ ಕೋಲನ್ನು ಬಟ್ಟೆಯ ಚೀಲದಲ್ಲಿಟ್ಟು, ಲೇಪದ ಹಿಂದಿನ ದಿನ ಬೆಚ್ಚಗಿನ ಒಣ ಜಾಗದಲ್ಲಿ ಆರಿಸಿದರೆ ನೂಲು ಹೀರಿದ ತೇವ ಹೋಗುತ್ತದೆ.

ಮಳೆಗಾಲದಲ್ಲೇ ಮಾಡಲೇಬೇಕಾದ ಪ್ರಸಂಗ ಬಂದರೆ? ಬಚ್ಚಲ ಒಲೆಯ ಪಕ್ಕದ ಬೆಚ್ಚನೆ ಜಾಗ ಎಲ್ಲರಿಗೂ ಹೊಳೆಯುತ್ತದೆ. ಅದೇ ತಪ್ಪು ಜಾಗ. ಸೌದೆಯಾಗಲಿ, ಗ್ಯಾಸ್ ಆಗಲಿ, ಸೀಮೆಎಣ್ಣೆಯಾಗಲಿ, ಉರಿದಾಗ ನೀರಾವಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಒಂದು ಲೀಟರು ಸೀಮೆಎಣ್ಣೆ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಕೋಣೆಗೆ ಸೇರುತ್ತದೆ. ಬಿಳಿ ಪೊರೆಗೆ ಬೇಕಾದ ಎರಡು ಪದಾರ್ಥಗಳನ್ನೂ ನಾವೇ ಒದಗಿಸಿದಂತಾಯಿತು.

ಸರಿಯಾದ ಉಪಾಯ ನಮ್ಮ ಹಲವು ಮನೆಗಳಲ್ಲಿ ಆಗಲೇ ಇದೆ. ಕ್ಯಾಮೆರಾ, ದುರ್ಬೀನುಗಳಿಗೆ ಬೂಷ್ಟು ಹಿಡಿಯದಂತೆ ಬಲ್ಬು ಉರಿಸಿಡುವ ಬೀರು. ಅದೇ ತತ್ವದ ಮೇಲೆ ಉದ್ದನೆಯ ಹಲಗೆಯ ಪೆಟ್ಟಿಗೆಯೊಳಗೆ 40 ವ್ಯಾಟಿನ ಹಳೆಯ ತಂತಿ ಬಲ್ಬು ಉರಿಸಿದರೆ ಸಾಕು. ಎಲ್‌ಇಡಿ ಬಲ್ಬು ಅಷ್ಟು ಕಾವು ಕೊಡದು. ಹೊರಗೆ 22 ಡಿಗ್ರಿ, ತೇವ ಶೇಕಡಾ 90 ಇದ್ದಾಗ ಅದೇ ಗಾಳಿಯನ್ನು 30 ಡಿಗ್ರಿಗೆ ಬೆಚ್ಚಗೆ ಮಾಡಿದರೆ ತೇವ ಶೇಕಡಾ 56ರ ಆಸುಪಾಸಿಗೆ ಇಳಿಯುತ್ತದೆ. ಬಲ್ಬು ಹಲಗೆಗೂ ಕೋಲಿಗೂ ತಾಗದಂತೆ ದೂರವಿರಲಿ, ಒಳಗೆ ಸ್ಪಿರಿಟ್ ಬಾಟಲಿ ಇಡಬಾರದು. ಕೋಲನ್ನೂ ಒಂದೆರಡು ಗಂಟೆ ಮೊದಲೇ ಒಳಗಿಡಿ. ತಣ್ಣಗಿನ ಕೋಲಿನ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂರುತ್ತದೆ.

ಪೊರೆ ಕಟ್ಟಿಯೇ ಬಿಟ್ಟರೆ ಗಾಬರಿ ಬೇಡ. ಅದು ನೀರಿನಲ್ಲಿ ಕರಗುತ್ತದೆ. ಗಟ್ಟಿಯಾದ ಮೇಲೆ ಉಗುರುಬೆಚ್ಚನೆ ನೀರಿನಲ್ಲಿ ಪಾತ್ರೆ ಉಜ್ಜುವ ನಾರಿನಿಂದ ಮೆಲ್ಲಗೆ ತೊಳೆದು, ಒಣಗಿಸಿ, 600 ನಂಬರಿನ ಉಪ್ಪುಕಾಗದದಿಂದ ಹದವಾಗಿ ತಿಕ್ಕಿ, ಮತ್ತೊಂದು ಲೇಪ ಕೊಡಬಹುದು. ಮೊದಲು ತಿನ್ನರಿನಿಂದ ಒರೆಸಿದರೆ ಪೊರೆ ಹೋಗುವುದಿಲ್ಲ, ಹರಡುತ್ತದೆ. ನೀರಿನಿಂದಲೂ ಹೋಗದ ಮಬ್ಬು ಒಳಗಿನ ಗುಳ್ಳೆಯದೋ ತೇವದ್ದೋ ಆಗಿದ್ದು, ಅದಕ್ಕೆ ಬಿಚ್ಚಿ ಕಟ್ಟುವುದೊಂದೇ ದಾರಿ.

ಶುದ್ಧಿ

ಲೇಪದ ನಡುವೆ ಮೀನಿನ ಕಣ್ಣಿನಂಥ ಗುಂಡನೆ ಕುಳಿ ಬೀಳುವುದು ಎಣ್ಣೆಯಿಂದ ಅಥವಾ ಸಿಲಿಕೋನಿನಿಂದ. ರೀಲಿಗೆ ಹಾಕುವ ಎಣ್ಣೆ, ಪೀಠೋಪಕರಣಕ್ಕೆ ಹೊಡೆಯುವ ಹೊಳಪು, ಇವೆಲ್ಲ ಕಾರಣ. ನಮ್ಮಲ್ಲಿ ಎಲ್ಲಕ್ಕಿಂತ ಮೊದಲ ಕಾರಣ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಕೆಲಸದ ನಡುವೆ ಒಮ್ಮೆ ಕೂದಲು ಸವರಿದ ಕೈ ನೂಲನ್ನು ಮುಟ್ಟಿದರೆ ಸಾಕು. ನೂಲು ಸುತ್ತುವಾಗಲೇ ಕೈ ಸೋಪಿನಿಂದ ತೊಳೆದಿರಬೇಕು. ಲೇಪಕ್ಕೆ ಮೊದಲು ಕೋಲನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಮುಂದುವರಿಯಬೇಕು.

ನೂಲಿನ ಮೇಲೆದ್ದ ನವಿರನ್ನು ಸ್ಪಿರಿಟ್ ದೀಪದ ಉರಿಯಲ್ಲಿ ಥಟ್ಟನೆ ಹಾಯಿಸಿ ಸುಡಬಹುದು. ಕೋಣೆಯನ್ನು ಹಿಂದಿನ ದಿನವೇ ಒದ್ದೆ ಬಟ್ಟೆಯಿಂದ ಒರೆಸಿಡಿ. ಅಂದಿನ ದಿನ ಗುಡಿಸಬೇಡಿ. ಫ್ಯಾನು ನಿಂತಿರಲಿ, ಉಣ್ಣೆಯ ಸ್ವೆಟರ್ ಹೊರಗಿರಲಿ. ಕಾಫಿ ಕಣದ ಕಡೆ ತೆರೆಯುವ ಕಿಟಕಿ ಮುಚ್ಚಿರಲಿ, ಬೇರೆ ಕಡೆಯ ಒಂದು ಕಿಟಕಿ ತೆರೆದಿರಲಿ.

ಹಚ್ಚುವುದು, ತಿರುಗಿಸುವುದು

ನೈಲಾನ್ ನೂಲಿಗೆ ನೇರ ಲೇಪ ಹಚ್ಚಿದರೆ ಅದರ ಬಣ್ಣ ಕಪ್ಪಾಗಿ, ಒಳಗಿನ ಕೋಲು ಕಾಣುತ್ತದೆ. ಬಣ್ಣ ಉಳಿಯಬೇಕೆಂದರೆ ಬಣ್ಣ ಕಾಯುವ ದ್ರವವನ್ನು ಮೊದಲು ಹಚ್ಚಿ ಪೂರ್ತಿ ಒಣಗಿಸಬೇಕು. ಹಸಿಯಾಗಿದ್ದರೆ ಮತ್ತೆ ಮಬ್ಬು. ಬಣ್ಣ ಕೆಡದೆಂದೇ ತಯಾರಾದ ನೂಲೂ ಸಿಗುತ್ತದೆ.

ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪ ಯಾವಾಗಲೂ ಮೇಲು. ಮೊದಲನೆಯದು ನೂಲಿನೊಳಗೆ ಇಳಿದು ಗಾಳಿಯನ್ನು ಹೊರದೂಡಲಿಕ್ಕೆ. ಉಂಗುರದ ಪಾದದ ಎರಡು ಬದಿಯಲ್ಲಿ ನೂಲಿನಡಿ ಸುರಂಗದಂಥ ಸಂದಿಗಳಿವೆ. ಗುಳ್ಳೆಗಳು ಹುಟ್ಟುವ ಮುಖ್ಯ ಜಾಗ ಇದು. ಒಂದು ಬದಿಯಿಂದ ಮಾತ್ರ ಲೇಪ ತುಂಬಿಸಿ, ಇನ್ನೊಂದು ಬದಿಯಿಂದ ಹೊರಬರುವುದನ್ನು ನೋಡಿ, ಆಮೇಲೆ ಉಳಿದ ಭಾಗ ಮುಚ್ಚಿರಿ. ಹತ್ತು ನಿಮಿಷದ ಮೇಲೆ ಕೆಳಭಾಗದಲ್ಲಿ ತೂಗುವ ಹನಿಯನ್ನು ಕುಂಚದಿಂದ ತೆಗೆದುಬಿಡಿ. ನೂಲಿನ ಅಂಚಿನಿಂದ ಒಂದೂವರೆ ಮಿಲಿಮೀಟರು ಮಾತ್ರ ಕೋಲಿನ ಮೇಲೆ ಬರಲಿ. ಅಂಚು ನೇರವಾಗಲು ಕೋಲು ತಿರುಗುತ್ತಿರಲಿ, ಕುಂಚ ನಿಂತಿರಲಿ.

ಬಿಸಿಲೇರುವ ಹೊತ್ತಿಗೆ ಹಚ್ಚಿದರೆ ಬಿದಿರು, ಬಿರಡೆಯ ಒಳಗಿನ ಗಾಳಿ ಹಿಗ್ಗಿ ಹೊರಬಂದು ಗುಳ್ಳೆಯಾಗುತ್ತದೆ. ಮಧ್ಯಾಹ್ನ ಕಳೆದು ಕಾವು ಇಳಿಯತೊಡಗಿದಾಗ ಹಚ್ಚುವುದು ಲೇಸು. ಉಳಿದ ಗುಳ್ಳೆಗಳಿಗೆ ಸ್ಪಿರಿಟ್ ದೀಪವನ್ನು ಒಂದೆರಡು ಅಂಗುಲ ಕೆಳಗೆ ಹಿಡಿದು, ನಿಲ್ಲಿಸದೆ ಸರಿಸಿಕೊಂಡು ಹೋಗಬೇಕು. ಶಾಖಕ್ಕೆ ಲೇಪ ತೆಳುವಾಗಿ ಗುಳ್ಳೆ ತಾನೇ ಒಡೆಯುತ್ತದೆ. ಮೇಣದ ಬತ್ತಿ, ಸೀಮೆಎಣ್ಣೆ ದೀಪ ಮಸಿ ಕೊಡುತ್ತವೆ, ಬೇಡ. ಸ್ಪಿರಿಟ್ ಬಾಟಲಿಯೂ ಒರೆಸಿದ ಬಟ್ಟೆಯೂ ದೀಪದ ಹತ್ತಿರ ಇರಕೂಡದು.

ಲೇಪ ಹರಿಯುವುದು ನಿಲ್ಲುವ ತನಕ ಕೋಲು ತಿರುಗುತ್ತಿರಬೇಕು. ನಿಮಿಷಕ್ಕೆ 10ರಿಂದ 20 ಸುತ್ತಿನ ಮೋಟಾರು ಅನುಕೂಲ. ಅದಕ್ಕಿಂತ ನಿಧಾನದ್ದೂ ನಡೆದೀತು. ಕೋಲು ಮಟ್ಟವಾಗಿರಬೇಕು, ಇಲ್ಲದಿದ್ದರೆ ಲೇಪ ಒಂದು ತುದಿಗೆ ಸರಿದು ದಪ್ಪವಾಗುತ್ತದೆ. ನಮ್ಮ ಕಡೆ ಕರೆಂಟನ್ನು ನಂಬುವಂತಿಲ್ಲ. ಬ್ಯಾಟರಿಯಿಂದ ನಡೆಯುವ 12 ವೋಲ್ಟಿನ ಮೋಟಾರು ಇಟ್ಟುಕೊಂಡರೆ ನಿಶ್ಚಿಂತೆ. ಮೋಟಾರಿಲ್ಲದವರು ಮೊದಲ ಅರ್ಧ ಗಂಟೆ ಬಿಡದೆ, ಆಮೇಲೆ ಐದೈದು ನಿಮಿಷಕ್ಕೊಮ್ಮೆ ಅರ್ಧ ಸುತ್ತಿನಂತೆ ಕೈಯಿಂದಲೇ ತಿರುಗಿಸಬಹುದು. ಮೂರು ನಾಲ್ಕು ಗಂಟೆಯ ತಾಳ್ಮೆ ಬೇಕು.

ಎರಡನೆಯ ಲೇಪವನ್ನು 12ರಿಂದ 24 ಗಂಟೆಯೊಳಗೆ ಹಚ್ಚಿದರೆ ಮೊದಲನೆಯದರೊಡನೆ ಬೆಸೆದುಕೊಳ್ಳುತ್ತದೆ. ತಡವಾದರೆ ಹದವಾಗಿ ತಿಕ್ಕಿಯೇ ಹಚ್ಚಬೇಕು. ಮುಟ್ಟಿದರೆ ಗಟ್ಟಿಯೆನಿಸಿದರೂ ಒಳಗಿನ ಕೂಡುವಿಕೆ ಮುಗಿಯಲು ವಾರ ಬೇಕು. ಅಲ್ಲಿಯವರೆಗೆ ಕೋಲನ್ನು ಬಾಗಿಸಬೇಡಿ.

ಅಂಟಾಗಿಯೇ ಉಳಿದದ್ದನ್ನು ಎರಡು ದಿನ ಬಲ್ಬಿನ ಪೆಟ್ಟಿಗೆಯಲ್ಲಿಟ್ಟು ನೋಡಿ. ಚಳಿ ಕಾರಣವಾಗಿದ್ದರೆ ಗಟ್ಟಿಯಾಗುತ್ತದೆ. ಅಳತೆ ಕಾರಣವಾಗಿದ್ದರೆ ಆಗದು, ಬಿಚ್ಚಬೇಕು. ಬಿಚ್ಚುವಾಗ ಬ್ಲೇಡನ್ನು ಉಂಗುರದ ಲೋಹದ ಪಾದದ ಮೇಲೆ ಮಾತ್ರ ಓಡಿಸಿ. ಕಾರ್ಬನ್ ಕೋಲಿನ ಮೇಲೆ ಬಿದ್ದ ಒಂದು ಗೀರು ಮುಂದೆ ಕೋಲು ಮುರಿಯುವ ಜಾಗವಾಗುತ್ತದೆ.

ಎರಡು ಎಚ್ಚರಿಕೆಗಳು

ಮೊದಲನೆಯದು ಚರ್ಮದ್ದು. ಹಸಿ ಎಪಾಕ್ಸಿ, ಅದರಲ್ಲೂ ಹಾರ್ಡ್‌ನರ್, ಕೈಗೆ ತಾಗುತ್ತಿದ್ದರೆ ಮೊದಮೊದಲು ಏನೂ ಆಗುವುದಿಲ್ಲ. ಅದೇ ಮೋಸ. ಒಂದು ದಿನ ದೇಹ ಅದನ್ನು ಶತ್ರುವೆಂದು ಗುರುತಿಸಿಬಿಟ್ಟರೆ ತುರಿಕೆ, ಗುಳ್ಳೆ, ಊತ ಶುರುವಾಗುತ್ತದೆ. ಈ ಅಲರ್ಜಿ ಬಂದ ಮೇಲೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಆಮೇಲೆ ಒಂದು ತೊಟ್ಟು ತಾಗಿದರೂ ಕೆರಳುತ್ತದೆ. ಆದ್ದರಿಂದ ಪುಡಿಯಿಲ್ಲದ ನೈಟ್ರೈಲ್ ಕೈಚೀಲ ಕಡ್ಡಾಯ. ಚರ್ಮಕ್ಕೆ ತಾಗಿದರೆ ಒರೆಸಿ, ಕೂಡಲೆ ಸೋಪು ನೀರಿನಲ್ಲಿ ತೊಳೆಯಿರಿ. ತಿನ್ನರ್, ಸ್ಪಿರಿಟ್, ಅಸಿಟೋನ್ ಹಾಕಿ ಕೈ ತೊಳೆಯಬೇಡಿ, ಅವು ವಿಷವನ್ನು ಚರ್ಮದೊಳಕ್ಕೆ ಒಯ್ಯುತ್ತವೆ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹರಿಸಿ ವೈದ್ಯರ ಬಳಿ ಹೋಗಬೇಕು. ಅರೆಗಟ್ಟಿ ಲೇಪವನ್ನು ತಿಕ್ಕಿದ ಧೂಳೂ ಅಪಾಯಕಾರಿ, ಒದ್ದೆಮಾಡಿ ತಿಕ್ಕಿ. ತೋಟದ ಹುಡುಗರನ್ನು ಸಹಾಯಕ್ಕೆ ಕರೆದರೆ ಅವರ ಕೈಗೂ ಚೀಲ ಕೊಡುವುದು ಯಜಮಾನನ ಜವಾಬ್ದಾರಿ. ತೋಟದ ಕೆಲಸವೆಲ್ಲ ಅವರು ಆ ಕೈಗಳಿಂದಲೇ ಮಾಡಬೇಕು.

ಎರಡನೆಯದು ವಿದ್ಯುತ್ತಿನದು. ಕಾರ್ಬನ್ ಕೋಲು ಕರೆಂಟನ್ನು ಹರಿಸುತ್ತದೆ. ಮೇಲೆ ಎಪಾಕ್ಸಿ ಹೊಳಪು ಎಷ್ಟೇ ಚೆನ್ನಾಗಿದ್ದರೂ ಅದು ರಕ್ಷಣೆಯಲ್ಲ. ಹೊಳೆ ದಾಟುವ ತಂತಿಯ ಕೆಳಗೆ ಗಾಳ ಬೀಸಬಾರದು. ಅಡಕೆಗೆ ಔಷಧಿ ಹೊಡೆಯಲು, ಕೊನೆ ತೆಗೆಯಲು ಇತ್ತೀಚೆಗೆ ಬಂದಿರುವ ಕಾರ್ಬನ್ ದೋಟಿಗೂ ಇದೇ ಮಾತು ಹತ್ತು ಪಟ್ಟು ಅನ್ವಯಿಸುತ್ತದೆ, ಏಕೆಂದರೆ ಅದು ಗಾಳದ ಕೋಲಿಗಿಂತ ಎಷ್ಟೋ ಪಾಲು ಉದ್ದ. ಎರಡರಲ್ಲೂ ಎಳೆಗಳನ್ನು ಹಿಡಿದಿರುವುದು ಎಪಾಕ್ಸಿಯೇ ಆದ್ದರಿಂದ, ಬಿಸಿಲಿನಲ್ಲಿ ಬಿಟ್ಟರೆ ಎರಡೂ ಮಾಸಿ ಪುಡಿಪುಡಿಯಾಗುತ್ತವೆ. ಕೆಲಸ ಮುಗಿದ ಮೇಲೆ ನೆರಳಿನಲ್ಲಿಡುವುದು.

ಕೊನೆಯದಾಗಿ

ಸಾರಾಂಶ ಇಷ್ಟು. ಮಳೆಗಾಲದಲ್ಲಿ ನೂಲು ಸುತ್ತಿಡಿ. ಒಣ ದಿನಕ್ಕೆ ಕಾಯಿರಿ, ಇಲ್ಲವೇ ಬಲ್ಬಿನ ಪೆಟ್ಟಿಗೆ ಮಾಡಿಕೊಳ್ಳಿ. 3 ಮಿಲಿಲೀಟರಿಗೆ ಕಡಿಮೆಯಿಲ್ಲದಂತೆ ಸರಿಯಾಗಿ ಅಳೆಯಿರಿ. ಮೂರು ನಿಮಿಷ, ಲೋಟ ಬದಲಿಸಿ ಇನ್ನೊಂದು ನಿಮಿಷ ತಿರುವಿ. ಎಣ್ಣೆ ಕೈ ದೂರವಿಡಿ. ಎರಡು ತೆಳು ಲೇಪ, ಒಂದು ವಾರದ ವಿಶ್ರಾಂತಿ. ಇದರಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ, ಕಾಯುವ ಮನಸ್ಸೊಂದಿರಬೇಕು. ಹೂಮಳೆಗೆ ಕಾಯುವ ನಮಗೆ ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಈ ವರ್ಷ ಮಳೆಗಾಲದಲ್ಲಿ ನೂಲು ಸುತ್ತಿಟ್ಟ ಸದಸ್ಯರು ಜನವರಿಯಲ್ಲಿ ಒಟ್ಟಾಗಿ ರೆಸಿನ್ ತರಿಸುವ ಇಚ್ಛೆಯಿದ್ದರೆ ಕಛೇರಿಗೆ ತಿಳಿಸಬಹುದು.

— ಕಾರ್ಯದರ್ಶಿ